ಸೋಲಾರ್ ಹಾಕಲು ಕಂಪೆನಿಯವರೇ ಬೇಕಾ, ನಮ್ಮ ವಯರಿಂಗ್‌ನವರು ಸಾಕಾ?

ಬದಿಯಡ್ಕದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮದು ತಾರಸಿ ಮನೆ. 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕು ಅಂತ ಇದ್ದೇವೆ, ಬ್ಯಾಟರಿ ಇಲ್ಲದೆ ಕರೆಂಟಿನ ಲೈನಿಗೇ ಸೇರಿಸುವ ಆನ್‌ಗ್ರಿಡ್. ಕಂಪೆನಿಯವರು ಹೇಳುವ ರೇಟು ಜಾಸ್ತಿ ಅನಿಸುತ್ತದೆ. ಮನೆ ವಯರಿಂಗ್ ಮಾಡಿದ ಅಣ್ಣ ಒಳ್ಳೆಯ ಕೆಲಸಗಾರರು, ನಂಬಿಕೆಯವರು. ಸಾಮಾನು ಮಂಗಳೂರಿನಿಂದ ತನ್ನಿ, ನಾನೇ ಕೂರಿಸಿ ಕೊಡುತ್ತೇನೆ ಅಂತಾರೆ. ಹಾಗೆ ಮಾಡಬಹುದಾ? ತಾರಸಿಯಲ್ಲಿ ಅಡಿಕೆ ಒಣಗಿಸುತ್ತೇವೆ, ಆ ಜಾಗವೂ ಉಳಿಯಬೇಕು.

ಕುಂಬಳೆಯಿಂದ:
ಮೊದಲು ಸಬ್ಸಿಡಿ ಲೆಕ್ಕ ಹಾಕಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಿಗುತ್ತದೆ. ಆದರೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ನೋಂದಣಿ ಆದವರಿಂದಲೇ ಹಾಕಿಸಬೇಕು, ಪ್ಯಾನೆಲ್ ಕೂಡ ಭಾರತದಲ್ಲೇ ತಯಾರಾದ ಸೆಲ್‌ನದ್ದಾಗಬೇಕು. ಬಿಡಿಯಾಗಿ ತಂದು ಉಳಿಸುವ ದುಡ್ಡಿಗಿಂತ ಕಳೆದುಕೊಳ್ಳುವುದೇ ದೊಡ್ಡದು. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಕಾಗದಪತ್ರ, ನೆಟ್ ಮೀಟರ್ (ಲೈನಿಗೆ ಕೊಟ್ಟ, ಲೈನಿನಿಂದ ತಗೊಂಡ ಕರೆಂಟು ಎರಡನ್ನೂ ಅಳೆಯುವ ಮೀಟರ್) ಓಡಾಟ ಕೂಡ ಅವರೇ ನೋಡಿಕೊಳ್ಳುತ್ತಾರೆ.

ಮುಳ್ಳೇರಿಯದಿಂದ:
ನಾನು ಇದೇ ಕೆಲಸದವನು. ನಿಮ್ಮ ವಯರಿಂಗ್ ಅಣ್ಣನ ಬಗ್ಗೆ ನನಗೇನೂ ಸಂಶಯವಿಲ್ಲ, ಆದರೆ ಪ್ಯಾನೆಲ್ ಕಡೆಯ ಕರೆಂಟೇ ಬೇರೆ. 540 ವ್ಯಾಟಿನ ಆರು ಪ್ಯಾನೆಲ್ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು ಜೋಡಿಸಿ) ಕೊಟ್ಟರೆ ಬಿಸಿಲಿಗೆ ಸುಮಾರು 250ರಿಂದ 300 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಬರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಹಾರಿದರೂ ಬೇಗ ಆರುತ್ತದೆ, ಡಿಸಿ ಹಾಗಲ್ಲ, ಕನೆಕ್ಟರ್ ಸ್ವಲ್ಪ ಸಡಿಲವಾದರೂ ಅಲ್ಲೇ ಉರಿಯುತ್ತಾ ಇರುತ್ತದೆ, ಮೈನ್ ಆಫ್ ಮಾಡಿದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲಿನಿಂದ ಇಳಿಯುವ ವಯರಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಕನೆಕ್ಟರ್ ಒತ್ತುವುದಕ್ಕೂ ಅದರದ್ದೇ ಟೂಲ್ ಬೇಕು. ಸುಮ್ನೆ ಕಟಿಂಗ್ ಪ್ಲೇಯರಿನಲ್ಲಿ ಒತ್ತಿ ಬಿಟ್ಟದ್ದನ್ನು ನೋಡಿದ್ದೇನೆ, ಹೆದರಿಕೆ ಆಗುತ್ತದೆ.

ಇನ್ನು ಅರ್ತಿಂಗ್. ನಮ್ಮೂರಿನ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಗೊತ್ತಲ್ಲ? ಡಿಸಿಗೆ, ಎಸಿಗೆ, ಸಿಡಿಲನ್ನು ನೆಲಕ್ಕೆ ಇಳಿಸುವ ಅರೆಸ್ಟರಿಗೆ ಬೇರೆ ಬೇರೆ ಅರ್ತಿಂಗ್ ಕೇಳಿ. ಇದರಲ್ಲಿ ದುಡ್ಡು ಉಳಿಸಬೇಡಿ.

ಬದಿಯಡ್ಕದಿಂದ:
ಕರೆಂಟು ಹೋದಾಗ ಸೋಲಾರ್ ಓಡುತ್ತದಲ್ವಾ?

ಮುಳ್ಳೇರಿಯದಿಂದ:
ಇಲ್ಲ. ಪ್ಯಾನೆಲಿನ ಡಿಸಿಯನ್ನು ಎಸಿ ಮಾಡುವ ಆನ್‌ಗ್ರಿಡ್ ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳದೆ ಮಾರುವವರ ಹತ್ತಿರ ತಗೊಳ್ಳಬೇಡಿ.

ಪೆರ್ಲದಿಂದ:
ಕಂಪೆನಿಯವರು ಅಂದ ಮಾತ್ರಕ್ಕೆ ಕೆಲಸ ಚೆನ್ನಾಗಿರುತ್ತದೆ ಅಂತಲೂ ಇಲ್ಲ. ನಮ್ಮಲ್ಲಿ ಹಾಕಿದವರು ಸ್ಲ್ಯಾಬ್ ಕೊರೆದ ಜಾಗವನ್ನು ಸರಿಯಾಗಿ ಮುಚ್ಚಲಿಲ್ಲ, ಮಳೆಗಾಲದಲ್ಲಿ ಸೋರಿತು. ಫೋನಿನಲ್ಲೇ ರೇಟು ಹೇಳುವವರನ್ನು ಬಿಡಿ. ಮನೆಗೆ ಬಂದು ತಾರಸಿ ಹತ್ತಿ ತೆಂಗಿನ ಮರದ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಬೇಕು, ಒಂದು ಪ್ಯಾನೆಲಿಗೆ ನೆರಳು ಬಿದ್ದರೂ ಸಾಲಿನ ಉತ್ಪಾದನೆ ಇಳಿಯುತ್ತದೆ. ಅಡಿಕೆಗೆ ಜಾಗ ಬೇಕಾದರೆ ಸ್ಟ್ರಕ್ಚರ್ ಎತ್ತರಿಸಬಹುದು, ಆದರೆ ಗಾಳಿಗೆ ತಡೆಯುವ ಹಾಗೆ ಕಟ್ಟಬೇಕು, ಪ್ಯಾನೆಲಿನ ಅಡಿ ಬಿಸಿಲೂ ಬೀಳುವುದಿಲ್ಲ, ಹಾಗಾಗಿ ಒಂದು ಬದಿಗೆ ಹಾಕಿಸಿ. ಐದು ವರ್ಷದ ಸರ್ವಿಸ್ ಕೊಡುತ್ತೇವೆ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಅವರು ಈಗಾಗಲೇ ಹಾಕಿದ ಹತ್ತಿರದ ಮನೆಯವರನ್ನು ಕೇಳಿ. ನಿಮ್ಮ ವಯರಿಂಗ್ ಅಣ್ಣನನ್ನು ಆ ದಿನ ಜೊತೆಗೆ ನಿಲ್ಲಿಸಿ, ಮನೆಯ ಬೋರ್ಡ್ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.