ವ್ಯಾಗನ್ಆರ್‌ಗೆ ಹೊಸ ಬ್ಯಾಟರಿ: 35 ಎಎಚ್ ಸಾಕಾ, 45 ಹಾಕ್ಸೋದಾ?

ರಾಯಚೂರ್ ಬಿಸಿಲು
ನಮ್ದು ಹಳೇ ವ್ಯಾಗನ್ಆರ್, ಪೆಟ್ರೋಲ್. ಸ್ವಲ್ಪ ದಿನದಿಂದ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಎಳ್ಕೊಂಡು ಎಳ್ಕೊಂಡು ಸ್ಟಾರ್ಟ್ ಆಗ್ತಿತ್ತು, ನಿನ್ನೆ ಬರೀ ಟಕ್ ಟಕ್ ಅಂತು ಅಷ್ಟೇ, ಪಕ್ಕದ್ಮನೆಯವ್ರನ್ನ ಕರೆದು ತಳ್ಳಿಸ್ಬೇಕಾಯ್ತು. ಬ್ಯಾಟರಿ ಮೇಲೆ 38ಬಿ20ಎಲ್, 35 ಎಎಚ್ (ಆಂಪಿಯರ್-ಅವರ್, ಎಷ್ಟು ಕರೆಂಟು ಹಿಡಿಯತ್ತೆ ಅನ್ನೋ ಅಳತೆ) ಅಂತಿದೆ. ಅಂಗಡಿಯವ್ರು 45 ಎಎಚ್ ಹಾಕ್ಸಿ ಬಾಳಿಕೆ ಬರತ್ತೆ ಅಂತಾರೆ. ಗಾಡಿ ಓಡೋದು ಮನೆ-ಆಫೀಸು ಮಾತ್ರ, ಹತ್ರಾನೇ. ಏನ್ ಮಾಡ್ಲಿ?

ಗ್ಯಾರೇಜ್ ಅಣ್ಣ
ಮೊದ್ಲು ಆ ನಂಬರ್ ಓದೋದು ಕಲೀರಿ, ಅರ್ಧ ಗೊಂದಲ ಅಲ್ಲೇ ಮುಗಿಯತ್ತೆ. 38 ಅನ್ನೋದು ಅದರ ತಾಕತ್ತಿನ ದರ್ಜೆ, ಎಎಚ್ ಅಲ್ಲ. ಬಿ ಅಂದ್ರೆ ಅಗಲ-ಎತ್ತರದ ಸೈಜು, 20 ಅಂದ್ರೆ ಉದ್ದ ಸುಮಾರು 20 ಸೆಂಟಿಮೀಟರ್, ಕೊನೇ ಎಲ್ ಅನ್ನೋದು ಪ್ಲಸ್ ಮೈನಸ್ ಯಾವ ಕಡೆ ಅಂತ. ಎಲ್ ಬದ್ಲು ಆರ್ ತಂದ್ರೆ ಟರ್ಮಿನಲ್ ಉಲ್ಟಾ, ಕೇಬಲ್ಲೇ ಎಟುಕಲ್ಲ, ಎಳೆದು ಬಿಗಿದು ತಪ್ಪಾಗಿ ಕೊಟ್ರೆ ಫ್ಯೂಸು, ಆಲ್ಟರ್ನೇಟರ್ (ಇಂಜಿನ್ ಓಡ್ವಾಗ ಬ್ಯಾಟರಿ ಚಾರ್ಜ್ ಮಾಡೋದು) ಎಲ್ಲಾ ಸುಟ್ಟೋಗ್ಬಹುದು. 45 ಎಎಚ್‌ದು ಸಾಮಾನ್ಯವಾಗಿ 55ಬಿ24ಎಲ್ ತರದ್ದು, ಅಂದ್ರೆ 4 ಸೆಂಟಿಮೀಟರ್ ಉದ್ದ ಜಾಸ್ತಿ, ನಿಮ್ಮ ಟ್ರೇಲಿ ಸರಿಯಾಗಿ ಕೂರುತ್ತಾ, ಕ್ಲಾಂಪ್ ಹಿಡಿಯುತ್ತಾ ಅಳೆದು ನೋಡಿ. ಅಲುಗಾಡೋ ಬ್ಯಾಟರಿ ನಮ್ಮ ರೋಡಿನ ಗುಂಡಿಗೆ ಒಳಗಿನ ಪ್ಲೇಟ್ ಬೇಗ ಉದುರಿಸ್ಕೊಳ್ಳತ್ತೆ. ಎಎಚ್ ಜಾಸ್ತಿ ಆದ್ರೆ ಆಲ್ಟರ್ನೇಟರ್ ಹಾಳಾಗತ್ತೆ ಅನ್ನೋದು ಸುಳ್ಳು, ಆದ್ರೆ ನಿಮ್ಮ ಓಡಾಟಕ್ಕೆ ಅದ್ರಿಂದ ಲಾಭಾನೂ ಇಲ್ಲ, ಸ್ಟಾರ್ಟ್‌ಗೆ ತೆಗೆದ ಕರೆಂಟು ಹತ್ರದ ಓಡಾಟದಲ್ಲಿ ವಾಪಸ್ ತುಂಬೋದೇ ಕಷ್ಟ. ಅದೇ 38ಬಿ20ಎಲ್ ಹಾಕ್ಸಿ, ಭಾನುವಾರ ಒಂದ್ಸಲ ಊರಾಚೆ ಒಂದರ್ಧ ಗಂಟೆ ಓಡ್ಸಿ.

ಮೀಟರ್ ಇಟ್ಟು ನೋಡಿ
ಅಣ್ಣ ಹೇಳಿದ್ದು ಸರಿ, ಆದ್ರೆ ದುಡ್ಡು ಕೊಡೋಕ್ ಮುಂಚೆ ಮಲ್ಟಿಮೀಟರ್ ಇಟ್ಟು ನೋಡ್ಬಿಡಿ. ರಾತ್ರಿಯಿಡೀ ನಿಂತ ಗಾಡಿಲಿ 12.6 ವೋಲ್ಟ್ ಇದ್ರೆ ಫುಲ್, 12.2 ಅಂದ್ರೆ ಅರ್ಧ ಖಾಲಿ. ಇಂಜಿನ್ ಓಡ್ವಾಗ 13.8 ರಿಂದ 14.5 ಬರ್ಬೇಕು, ಬರ್ದಿದ್ರೆ ತಪ್ಪು ಆಲ್ಟರ್ನೇಟರ್ ಇಲ್ಲಾ ಬೆಲ್ಟ್‌ದು, ಹೊಸ ಬ್ಯಾಟರೀನೂ ಹಿಂಗೇ ಕೂರತ್ತೆ. ಮತ್ತೆ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಕೊಂಡಿದ್ಯಾ? ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ ಬಿಗಿ ಮಾಡಿದ್ಮೇಲೆ ಸರಿಹೋದ ಗಾಡಿಗಳೂ ಇವೆ. ಬಿಚ್ಚೋವಾಗ ಮೈನಸ್ ಮೊದ್ಲು, ಹಾಕೋವಾಗ ಮೈನಸ್ ಕೊನೆಗೆ.

ಮಲೆನಾಡ್ ಡ್ರೈವರ್
ನಿಮ್ಮೂರಲ್ಲಿ 40 ಡಿಗ್ರಿ ದಾಟೋ ಬಿಸಿಲು, ಬ್ಯಾಟರಿಗೆ ಚಳಿಗಿಂತ ಅದೇ ದೊಡ್ಡ ಶತ್ರು. ಅದಕ್ಕೆ ತಯಾರಾದ ತಿಂಗಳು ಕೇಳಿ, ಆರು ತಿಂಗಳಿಂದ ಶೆಲ್ಫಲ್ಲಿ ಬಿದ್ದಿರೋದನ್ನ ಕೊಟ್ರೆ ತಗೋಬೇಡಿ. ವಾರಂಟಿ ಕಾರ್ಡೂ ಓದಿ, 55 ತಿಂಗಳು ಅಂತ ದಪ್ಪಗೆ ಬರೆದು ಒಳಗೆ 30 ತಿಂಗಳು ಫ್ರೀ, ಮಿಕ್ಕಿದ್ದಕ್ಕೆ ಡಿಸ್ಕೌಂಟ್ ಅಂತಿರತ್ತೆ. ಹಳೇ ಬ್ಯಾಟರಿ ಸುಮ್ನೆ ಬಿಟ್ಟು ಬರ್ಬೇಡಿ, ಅದರಲ್ಲಿರೋ ಸೀಸಕ್ಕೆ ಬೆಲೆ ಇದೆ, ಬಿಲ್ಲಲ್ಲಿ ಕಳೀಲೇಬೇಕು. ಇದನ್ನ ಬೇರೆ ಯಾರಾದ್ರೂ ಓದ್ತಿದ್ರೆ: ಸಿಗ್ನಲ್ಲಲ್ಲಿ ತಾನೇ ಆಫ್ ಆಗೋ ಗಾಡಿ ಇದ್ರೆ ಮಾಮೂಲಿ ಬ್ಯಾಟರಿ ಹಾಕಿಸ್ಬೇಡಿ, ಪದೇ ಪದೇ ಸ್ಟಾರ್ಟ್ ಆಗೋದನ್ನ ತಡ್ಕೊಳ್ಳೋ ಇಎಫ್‌ಬಿ, ಎಜಿಎಂ ಅನ್ನೋ ಬ್ಯಾಟರಿಗಳು ಬೇರೆ ಇರ್ತವೆ, ಮೊದ್ಲು ಇಎಫ್‌ಬಿ ಇದ್ರೆ ಇಎಫ್‌ಬಿನೇ, ಎಜಿಎಂ ಇದ್ರೆ ಎಜಿಎಂನೇ.

ರಾಯಚೂರ್ ಬಿಸಿಲು
ಎಲ್ರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ನೋಡ್ದೆ, 11.9 ಇತ್ತು, ಇಂಜಿನ್ ಆನ್ ಆದ್ಮೇಲೆ 14.2. ಚಾರ್ಜಿಂಗ್ ಸರಿ ಇದೆ ಅಂದಂಗಾಯ್ತು. ಟ್ರೇ ಅಳತೆ ಮಾಡ್ದೆ, 24 ಸೆಂಟಿಮೀಟರ್‌ದು ಕೂರಲ್ಲ. ಬೇರೆ ಅಂಗಡಿಲಿ 38ಬಿ20ಎಲ್ ಹೋದ ತಿಂಗಳ ಸ್ಟಾಕ್ ಇದೆ ಅಂದ್ರು, ಸಂಜೆ ಹೋಗಿ ಹಾಕಿಸ್ತೀನಿ.