ಅಪ್‌ಡೇಟ್: ಕೊಲೋನ್‌ನ ಗೆಳತಿ ಮನೆಗೆ ಹೋಗಿಬಂದೆವು

ಯುರೋಪ್ ಪ್ರವಾಸದಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿರುವ ಹಳೇ ಗೆಳತಿಯ ಮನೆಯಲ್ಲಿ ಉಳಿಯೋದಾ, ಹೋಟೆಲ್ಲಾ ಅಂತ ಇಲ್ಲಿ ಹಿಂದೆ ಕೇಳಿದ್ದೆ, ನೆನಪಿದೆಯಾ? ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬಂದು, ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ಜರ್ಮನ್ ಹುಡುಗಿ. ನಮ್ಮ ಯಜಮಾನರು ಅವಳನ್ನು ನೋಡೇ ಇರಲಿಲ್ಲ. ಅದೇ ನನ್ನ ಚಿಂತೆಯಾಗಿತ್ತು.

ನೀವು ಹೇಳಿದಂತೆ ಎರಡು ರಾತ್ರಿ ಅವಳ ಮನೆ, ಮೂರು ರಾತ್ರಿ ಹೋಟೆಲ್ ಮಾಡಿದೆವು. ಪ್ಯಾರಿಸ್‌ನಲ್ಲಿ ನಾಲ್ಕೇ ರಾತ್ರಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾವನ್ನು ಜಾಸ್ತಿ ದಿನ ಇರುವ ದೇಶಕ್ಕೇ ಕೇಳಬೇಕಲ್ವಾ, ಹಾಗಾಗಿ ಜರ್ಮನಿಗೇ ಅರ್ಜಿ ಹಾಕಿದೆವು.

ತುಪ್ಪ ಒಯ್ಯುವ ಆಸೆ ಬಿಟ್ಟೆ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಲು ಅಲ್ಲಿ ಬಿಡುವುದಿಲ್ಲ. ಗಂಧದ ಸೋಪು, ಚನ್ನಪಟ್ಟಣದ ಬೊಂಬೆ ಕೊಟ್ಟೆ. ಸೋಪು ಮೂಸಿ ನೋಡಿದವಳು ಸುಮ್ನೆ ಕೂತುಬಿಟ್ಟಳು. ಆಮೇಲೆ "ಊಟ ಆಯ್ತಾ?" ಅಂದಳು. ಅವಳಿಗೆ ಉಳಿದಿರುವ ಕನ್ನಡ ಅಷ್ಟೇ!

ಇನ್ನು ನಮ್ಮವರು. ಅವಳ ಗಂಡನ ಜೊತೆ ಕೊಲೋನ್ ಕಥೀಡ್ರಲ್ ಅನ್ನೋ ದೊಡ್ಡ ಚರ್ಚಿನ ಗೋಪುರದ 533 ಮೆಟ್ಟಿಲು ಹತ್ತಿದರು. "ಚಾಮುಂಡಿ ಬೆಟ್ಟದ್ದು ಸಾವಿರ" ಅಂತ ಕೆಳಗೆ ಜಂಬ ಕೊಚ್ಚಿದ್ದೇ ಬಂತು, ಮೇಲೆ ಮಾತೇ ಹೊರಡಲಿಲ್ಲವಂತೆ. 1248ರಲ್ಲಿ ಶುರುವಾದ ಕಟ್ಟಡ ಮುಗಿದಿದ್ದು 1880ರಲ್ಲಿ ಅಂತ ಕೇಳಿದ ಮೇಲೆ, ನಮ್ಮ ಮನೆ ಕಟ್ಟಿದ ಮೇಸ್ತ್ರಿಯನ್ನು ಬೈಯುವುದು ನಿಲ್ಲಿಸಿದ್ದಾರೆ.

ಒಂದೇ ಎಡವಟ್ಟು: ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ನಾನು ಮಾಡುತ್ತೇನೆಂದಿದ್ದ ಬಿಸಿಬೇಳೆಬಾತು ತರಕಾರಿಯಿಲ್ಲದೆ ಬರೀ ಬೇಳೆಬಾತಾಯಿತು.

ದಸರೆಗೆ ಅವರಿಬ್ಬರೂ ಬರುತ್ತಾರಂತೆ. ಮಹಡಿ ರೂಮಿಗೆ ಸುಣ್ಣ ಬಳಿಸಬೇಕು.