ಸಹಾಯ ಬೇಕು: ನಮ್ಮ ಗೊಂಬೆಯ ಡಿಸೈನ್ ನಕಲಾಗಿದೆ

ಎಲ್ಲರಿಗೂ ನಮಸ್ಕಾರ. ನಾವು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು. ಹೋದ ವರ್ಷ ಹಾಲೆ ಮರದಲ್ಲಿ ಒಂದು ಆನೆ ಬಂಡಿ ಮಾಡಿದೆ. ದಾರ ಹಿಡಿದು ಎಳೆದರೆ ಎರಡೂ ಕಿವಿ ಪಟಪಟ ಬಡಿಯುತ್ತವೆ. ಆ ಕಿವಿಯ ಅಳತೆ ಸರಿಹೋಗಲು ಮೂರು ತಿಂಗಳು ಹಿಡಿಯಿತು. ಈಗ ಅದೇ ಆನೆ, ಅದೇ ಕಿವಿ, ಅರಗಿನ ಬಣ್ಣದ ಬದಲು ಅಗ್ಗದ ಪೇಂಟ್ ಬಳಿದು ಆನ್‌ಲೈನ್‌ನಲ್ಲಿ ಯಾರೋ ಮಾರುತ್ತಿದ್ದಾರೆ. ನೋಡಿ ಹೊಟ್ಟೆ ಉರಿಯಿತು.

ನಮ್ಮ ಗೊಂಬೆಗಳಿಗೆ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಭೌಗೋಳಿಕ ಗುರುತು) ಇದೆ ನಿಜ. ಅದು ಊರಿನ ಹೆಸರನ್ನು ಕಾಯುತ್ತದೆ, ನನ್ನ ಆನೆಯ ಆಕಾರವನ್ನಲ್ಲ. ಆಕಾರಕ್ಕೆ 2000ದ ಡಿಸೈನ್ಸ್ ಕಾಯ್ದೆಯಲ್ಲಿ ನೋಂದಣಿ ಬೇಕು. ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಡಿಸೈನ್ ಹೊರಗೆ ಬಂದಿರಬಾರದು. ನಾನು ಖುಷಿಯಲ್ಲಿ ಇನ್‌ಸ್ಟಾಗ್ರಾಮ್‌ಗೆ ಫೋಟೋ ಹಾಕಿಬಿಟ್ಟಿದ್ದೆ. ಆನೆ ಕೈತಪ್ಪಿತು ಅಂತಲೇ ಅಲ್ವಾ?

ಈಗ ಒಂದು ನವಿಲು ತಯಾರಾಗಿದೆ. ಮನೆಯವರು ಬಿಟ್ಟು ಯಾರಿಗೂ ತೋರಿಸಿಲ್ಲ. ಡಿಸೈನ್ ಅರ್ಜಿಯನ್ನು ಸ್ವಂತವಾಗಿ ಹಾಕಿದವರು ಇದ್ದೀರಾ? ಫೋಟೋಗಳನ್ನು ಯಾವ್ಯಾವ ಕಡೆಯಿಂದ ತೆಗೆದಿರಿ? ನಮ್ಮ ಅಂಗಡಿ ಹೆಸರಿಗೂ ಟ್ರೇಡ್‌ಮಾರ್ಕ್ ಮಾಡಿಸಬೇಕು. ಕನ್ನಡದಲ್ಲೇ ಬಿಡಿಸಿ ಹೇಳುವ, ಜಾಸ್ತಿ ಫೀಸ್ ಕೇಳದ ವಕೀಲರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ದಸರಾ ಮಾರಾಟಕ್ಕೆ ಮೊದಲೇ ಅರ್ಜಿ ಹಾಕಬೇಕು.